ಮೊದಲ ಕತ್ತರಿ

ಊರಿನ ಕಮಾನು ಕಾಣುವ ಮೊದಲೇ ನೆಲಿದಾ ವ್ಯಾನ್ ನಿಲ್ಲಿಸಿ ಇಳಿದುಬಿಟ್ಟಳು. "ಇನ್ನೂ ಒಂದು ಕಿಲೋಮೀಟರ್ ಐತಲ್ಲಮ್ಮ," ಎಂದ ಚಾಲಕ. ಆಮೇಲೆ ಮುಖ ನೋಡಿ ಗುರುತು ಹಿಡಿದು, "ಓಹೋ, ನಿಮಗೆ ಅದೆಲ್ಲ ಯಾವ ಲೆಕ್ಕ ಬಿಡಿ!" ಎಂದು ನಕ್ಕ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಆದರೂ ಅವಳಿಗೆ ಚುರುಕ್ಕೆಂದಿತು.

ಯಾನಾಪುಕ್ಯೊದ ಕಮಾನಿನ ಮೇಲೆ ಮೂರು ಮುಖಗಳಿವೆ. ಆಲೂಗಡ್ಡೆ ತಳಿಗಳ ಮೇಲೆ ಕೆಲಸ ಮಾಡಿ ಹೊರದೇಶಗಳಲ್ಲೂ ಹೆಸರು ಮಾಡಿದ ಎಂಜಿನಿಯರ್ ಎಲೆಯುತೆರಿಯೊ, ರೇಡಿಯೊ ಹಾಕಿದರೆ ಸಾಕು ಕೇಳಿಬರುವ ಗಾಯಕಿ ಮರಿಲೂಸ್, ಮ್ಯಾರಥಾನ್ ಓಟಗಾರ್ತಿ ನೆಲಿದಾ. ಇಡೀ ಪೆರುವಿನಲ್ಲಿ ಇಷ್ಟು ಸಣ್ಣ ಊರಿಗೆ ಮೂವರು ಗಣ್ಯರು ಇನ್ನೆಲ್ಲಿದ್ದಾರೆ, ತೋರಿಸಿ ನೋಡೋಣ ಎಂಬುದು ನಮ್ಮೂರಿನವರ ಜಂಬ. ಆದರೆ ಆರು ತಿಂಗಳ ಹಿಂದೆ, ಚೌಕದಲ್ಲಿ ಹಾಕಿದ್ದ ದೊಡ್ಡ ಪರದೆಯ ಮುಂದೆ ಊರಿಗೆ ಊರೇ ಕೂತು ಒಲಿಂಪಿಕ್ಸ್ ನೋಡುತ್ತಿದ್ದಾಗ, ನೆಲಿದಾ ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ಮೊಣಕಾಲು ಹಿಡಿದುಕೊಂಡು ರಸ್ತೆಯ ಪಕ್ಕಕ್ಕೆ ಸರಿದು ನಿಂತಿದ್ದಳು. ಅಲ್ಲಿಂದೀಚೆಗೆ ಊರಿನ ಕಡೆ ತಲೆ ಹಾಕಿರಲಿಲ್ಲ.

ಈ ಸಲ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಗೆಳತಿ ಫೊರ್ತುನಾತಾಳ ಮಗಳು ಯಾದಿರಾಗೆ ಐದು ತುಂಬಿತ್ತು. ಶಾಲೆಗೆ ಸೇರಿಸುವ ಮುಂಚೆ ಹುಟ್ಟುಗೂದಲು ತೆಗೆಸಬೇಕು. ಮೊದಲ ಕತ್ತರಿ ಹಾಕಿದವಳೇ ಮಾದ್ರಿನಾ, ಅಂದರೆ ಮಗುವಿಗೆ ಎರಡನೆಯ ತಾಯಿ. ಅವಳ ಗುಣ ಆ ಕತ್ತರಿಯಿಂದಲೇ ಮಗುವಿಗೆ ಇಳಿಯುತ್ತದೆ ಅನ್ನುವುದು ಅಜ್ಜಿ ಮುತ್ತಜ್ಜಿಯರ ಕಾಲದ ಮಾತು. ಎರಡು ವರ್ಷದ ಕೆಳಗೆ ನೆಲಿದಾ ಚಿನ್ನದ ಪದಕ ಕೊರಳಿಗೆ ಹಾಕಿಕೊಂಡು ಬಂದಿದ್ದಾಗ ಅವಳಿಂದ ಮಾತು ತೆಗೆದುಕೊಂಡಿದ್ದರು. ಈಗಲೂ ಅವರಿಗೆ ನಾನೇ ಬೇಕೋ, ಬೇಡ ಅನ್ನಲು ಬಾಯಿ ಬಾರದೆ ಸುಮ್ಮನಿದ್ದಾರೋ? ಹೊಲದ ಬದುವಿನ ಮೇಲೆ ನಡೆಯುತ್ತ ಅವಳು ಇದನ್ನೇ ಯೋಚಿಸಿದಳು.

ಅಂಗಳದಲ್ಲಿ ಆಗಲೇ ಗದ್ದಲ. ಅಡುಗೆ ಬೇಯಲೆಂದು ಮಣ್ಣು ಮುಚ್ಚಿದ್ದ ಕಾದ ಕಲ್ಲುಗಳ ಹೊಂಡವನ್ನು ತೆರೆದಿದ್ದರು. ಮಾಂಸ, ಅವರೆ, ಆಲೂಗಡ್ಡೆಗಳ ಹಬೆ ಏಳುತ್ತಿತ್ತು. ಎಂಜಿನಿಯರ್ ಎಲೆಯುತೆರಿಯೊ ಒಂದು ಗಡ್ಡೆಯನ್ನು ಕೈಲಿ ಹಿಡಿದು ಅದರ ಶಾಸ್ತ್ರೀಯ ಹೆಸರು ಹೇಳಲು ಹೊರಟಿದ್ದ. "ಅದೆಲ್ಲ ನಂಗೊತ್ತಿಲ್ಲಪ್ಪ, ಇದು ಸಿಪ್ಪೆ ಸುಲಿಯಕ್ಕೆ ಕೂತ ಸೊಸೇನ ಅಳಿಸೋ ಗಡ್ಡೆ," ಎಂದು ಮುದುಕಿಯೊಬ್ಬಳು ಅವನ ಬಾಯಿ ಮುಚ್ಚಿಸಿದಳು. ನಡುವೆ ಕುರ್ಚಿಯ ಮೇಲೆ ಯಾದಿರಾ. ಸೊಂಟದವರೆಗಿನ ಕೂದಲನ್ನು ಮೂವತ್ತು ಸಣ್ಣ ಜಡೆ ಮಾಡಿ ಒಂದೊಂದಕ್ಕೂ ರಿಬ್ಬನ್ ಕಟ್ಟಿದ್ದರು.

"ಬಂದ್ಲಪ್ಪ ನಮ್ಮ ಕುದುರೆ!" ಎಂದು ಮರಿಲೂಸ್ ಓಡಿಬಂದು ತಬ್ಬಿಕೊಂಡಳು. "ಕಾಲು ಹೆಂಗೈತೆ?"

"ನಡೀತೈತೆ."

"ನಡೀಲಿ ಬಿಡು. ಓಡೀ ಓಡೀ ಬರೀ ಎಲುಬಾಗಿದ್ದೆ. ಈಗ ನೋಡು, ಮನುಷ್ಯರ ಹಂಗೆ ಕಾಣ್ತಿದ್ದೀಯ."

ನೆಲಿದಾ ನಕ್ಕಳು, ಆದರೆ ನಿಲ್ಲಲಿಲ್ಲ. ನೇರ ಅಡುಗೆಮನೆಗೆ ಹೋದಳು. ಫೊರ್ತುನಾತಾಳ ತಾಯಿ ಕಾಸಿಮಿರಾ ಅಜ್ಜಿ ಒಲೆಯ ಮುಂದೆ ಕೂತು ಕತ್ತರಿಗೆ ಎಣ್ಣೆ ಸವರುತ್ತಿದ್ದಳು.

"ಅಜ್ಜಿ, ಮೊದಲ ಕತ್ತರಿ ಮರಿಲೂಸ್ ಹಾಕ್ಲಿ. ನಾನು ಆಮೇಲೆ ಹಾಕ್ತೀನಿ."

"ಯಾಕವ್ವಾ, ಮಾದ್ರಿನಾ ಆದೋಳು ಕೂಸಿಗೆ ಕುರಿ ಕೊಡ್ಬೇಕಲ್ಲ ಅಂತ ಹಿಂದೆ ಮುಂದೆ ನೋಡ್ತಿದ್ದೀಯಾ?"

"ಕುರೀನ ನಮ್ಮಣ್ಣ ಆಗ್ಲೇ ತಂದು ಹಿತ್ತಲಲ್ಲಿ ಕಟ್ಟವ್ನೆ. ಅದಲ್ಲ." ನೆಲಿದಾ ಧ್ವನಿ ತಗ್ಗಿಸಿದಳು. "ಅರ್ಧ ದಾರೀಲಿ ನಿಂತೋಳು ನಾನು. ಆ ಗುಣ ಕೂಸಿಗೆ ಯಾಕೆ?"

ಹೊರಗಿನಿಂದ ಮರಿಲೂಸ್ ಕೂಗಿದಳು: "ನಂಗೆ ಬೇಡ ತಾಯಿ! ಆಗ್ಲೇ ನಲವತ್ಮೂರು ಮಕ್ಕಳಿಗೆ ಮಾದ್ರಿನಾ ಆಗಿ ಕೂತಿದ್ದೀನಿ, ಯಾವ ಮಗೂಗೆ ಯಾವ ಹೆಸರು ಅಂತ್ಲೇ ಗೊತ್ತಿಲ್ಲ!" ಈ ಹೆಂಗಸಿನ ಕಿವಿಯೂ ಗಂಟಲಿನಷ್ಟೇ ಚುರುಕು.

ಅಜ್ಜಿ ಕತ್ತರಿಯನ್ನು ಲಂಗದ ಅಂಚಿನಲ್ಲಿ ಒರೆಸಿದಳು. "ಆ ಗುಣ ಬೇಡ ಅಂತ ನಿಂಗ್ಯಾರು ಹೇಳಿದ್ರು? ಈ ಮನೇಲಿ ನಿಲ್ಲೋದು ಅಂದ್ರೇನು ಅಂತ ಯಾರಿಗೂ ಗೊತ್ತಿಲ್ಲ ಕಣವ್ವ. ಫೊರ್ತುನಾತಾನೇ ನೋಡು, ಹೆರಿಗೆ ನೋವು ಶುರುವಾದ್ರೂ ಆಲೂಗಡ್ಡೆ ಅಗೀತಿದ್ಲು, ಈ ಸಾಲು ಮುಗಿಸ್ತೀನಿ ಇರು ಅಂತ. ನನ್ನ ಗಂಡ ಗಣೀಲಿ ಎದೆ ಹಿಡ್ಕೊಂಡು ಕೂತ್ನಂತೆ. ಮೇಲಕ್ಕೆ ಹೋಗು ಅಂದ್ರೆ, ಪಾಳಿ ಮುಗಿಸ್ಕೊಂಡೇ ಬತ್ತೀನಿ ಅಂದ. ಮುಗಿಸ್ದ. ನಾಕು ಜನ ಹೊತ್ಕೊಂಡು ಬಂದ್ರು. ಗಣಿಯೋರು ಶಭಾಸ್ ಅಂತ ಒಂದು ಹಾಳೆ ಬರ್ಕೊಟ್ರು."

ಅಜ್ಜಿ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿ ನೋಡಿದಳು.

"ಅವತ್ತು ನೀನು ಪಕ್ಕಕ್ಕೆ ಸರಿದಾಗ ಚೌಕದಲ್ಲಿ ಎಲ್ರೂ ಅಯ್ಯೋ ಅಂದ್ರು. ಚಪ್ಪಾಳೆ ತಟ್ಟಿದ್ದು ನಾನೊಬ್ಳೇ. ಮುದುಕಿಗೆ ತಲೆ ಕೆಟ್ಟೈತೆ ಅಂದ್ರು. ಅನ್ಲಿ. ಲೋಕವೆಲ್ಲ ಕಣ್ಣು ಬಿಟ್ಕೊಂಡು ನೋಡ್ತಿರೋವಾಗ ಸಾಕು ಅಂದ್ಯಲ್ಲ, ಆ ಎದೆಗಾರಿಕೆ ಬೇಕು ನಮ್ಮ ಕೂಸಿಗೆ. ಚಿನ್ನ ಪಿನ್ನ ಆಮೇಲೆ." ಕತ್ತರಿಯನ್ನು ಅವಳ ಕೈಗೆ ತುರುಕಿದಳು. "ನಡಿ, ಮಾಂಸ ಆರಿಹೋಯ್ತದೆ."

ಆರು ತಿಂಗಳಿಂದ ಒತ್ತಿಟ್ಟಿದ್ದ ಅಳು ಒಮ್ಮೆಲೇ ಬಂತು; ಅದರ ಬೆನ್ನಿಗೇ ನಗುವೂ ಬಂತು. ಮುಖ ಒರೆಸಿಕೊಂಡು ನೆಲಿದಾ ಹೊರಗೆ ಹೋದಳು. ಎದೆಯೊಳಗೆ ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು.

ಹಾರ್ಪ್ ನುಡಿಸುವವನು ಶುರುಹಚ್ಚಿಕೊಂಡ. ಜನ ಸುತ್ತ ನೆರೆದರು. ನೆಲಿದಾ ನೆತ್ತಿಯ ಮೇಲಿನ ಕೆಂಪು ರಿಬ್ಬನ್ನಿನ ಜಡೆಯನ್ನು ಹಿಡಿದಳು.

"ನೋವಾಗ್ತದಾ?" ಎಂದಿತು ಮಗು.

"ಇಲ್ಲ. ನೋವಾದ್ರೆ ಹೇಳು, ಅಲ್ಲೇ ನಿಲ್ಲಿಸ್ತೀನಿ."

ಯಾದಿರಾ ಕಣ್ಣು ಮುಚ್ಚಿಕೊಂಡಳು. ಕೂದಲು ದಪ್ಪ, ಕತ್ತರಿ ಕರಕರ ಎನ್ನುತ್ತ ಅರ್ಧ ಜಡೆ ದಾಟಿತು.

"ನಿಲ್ಸು!"

ನೆಲಿದಾ ನಿಲ್ಲಿಸಿದಳು. ಹಾರ್ಪ್ ನಿಂತಿತು. ಮರಿಲೂಸಳ ಬಾಯಿಯೂ ನಿಂತಿತು. ಇಡೀ ಅಂಗಳ ಆ ಐದು ವರ್ಷದ ಹುಡುಗಿಗಾಗಿ ಕಾಯುತ್ತ ನಿಂತುಕೊಂಡಿತು. ಯಾದಿರಾ ಅವಸರವಿಲ್ಲದೆ ಮೂಗು ತುರಿಸಿಕೊಂಡಳು, ಕುರ್ಚಿಯ ಮೇಲೆ ಸ್ವಲ್ಪ ಸರಿದು ಕೂತಳು.

"ಹ್ಞೂಂ, ಈಗ ಮಾಡು," ಎಂದು ತಲೆ ಬಗ್ಗಿಸಿದಳು.