ಅಮ್ಮನ ಹೆಸರಿನ ರಜೆ

ಸಹಿ ಹಾಕಲು ಎತ್ತಿದ ಪೆನ್ನನ್ನು ಅಬು ನಾಸರ್ ಮತ್ತೆ ಕೆಳಗಿಟ್ಟರು. "ಅಮ್ಮ ಏನಾದ್ರೂ ತಿಂತಾಳಾ?" ಎಂದು ಅರಬಿ ಬೆರೆತ ಹಿಂದಿಯಲ್ಲಿ ಕೇಳಿದರು.

ಯೂಸ್ಟೇಸ್ ಪೆನ್ನನ್ನೇ ನೋಡುತ್ತ ಹೇಳಿದ: "ಗಂಜಿ ಮಾತ್ರ, ಬಾಬಾ."

ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು.

ಕತಾರ್ ಬಿಟ್ಟು ಹೊರಗೆ ಕಾಲಿಡಬೇಕಾದರೆ ಧಣಿಯ ಸಹಿ ಇರುವ ಎಕ್ಸಿಟ್ ಪರ್ಮಿಟ್ ಬೇಕಿದ್ದ ಕಾಲವದು. ಅದೊಂದು ಸಿಕ್ಕಿದರೆ ಊರಿಗಾದರೂ ಹೋಗು, ಬಹ್ರೈನಿಗಾದರೂ ಹೋಗು, ಕೇಳುವವರಿಲ್ಲ. ಉಪಾಯ ಹೇಳಿಕೊಟ್ಟವನು ಗೋದಾಮಿನಲ್ಲಿ ಜೊತೆಗೆ ಕೆಲಸ ಮಾಡುವ ಸುರತ್ಕಲ್ಲಿನ ರಿತೇಶ್.

"ಬಹ್ರೈನಿಗೆ ಪಿಟೀಲು ಬಾರಿಸ್ಲಿಕ್ಕೆ ಅಂದ್ರೆ ಅರಬಿ ನಗಾಡ್ತಾನೆ ಯೂಸ್ಟೇಸಣ್ಣ. ಅಮ್ಮನಿಗೆ ಸೀರಿಯಸ್ ಅಂತ ಹೇಳಿ."

"ಅಮ್ಮ ಎಲ್ಲಿದ್ದಾಳೆ ಮಾರಾಯ?"

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವನಿಗೆ ಗೊತ್ತುಂಟಾ?"

ಪಿಟೀಲಲ್ಲ, ವಯೋಲ್. ಎಷ್ಟು ಹೇಳಿದರೂ ರಿತೇಶನ ತಲೆಗೆ ಹೋಗಿರಲಿಲ್ಲ. ಐನ್ ಖಾಲಿದ್‌ನಲ್ಲಿ ಹೇಜಲ್ ಎಂಬ ಇಂಗ್ಲಿಷ್ ಟೀಚರ ಮನೆಯಲ್ಲಿ ಪ್ರತಿ ಶುಕ್ರವಾರ ಐದು ಜನ ಸೇರುತ್ತಿದ್ದರು. ಮುನ್ನೂರು ವರ್ಷ ಹಿಂದಿನ ಯುರೋಪಿನ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸಬೇಕೆಂಬ ಹಟ ಅವರದು. ಶಿರ್ವದ ಇಗರ್ಜಿಯಲ್ಲಿ ಪಿಟೀಲು ಬಾರಿಸಿ ಬಂದಿದ್ದ ಯೂಸ್ಟೇಸನ ಮೊಣಕಾಲುಗಳ ನಡುವೆ ಹೇಜಲ್ ತನ್ನ ಆರು ತಂತಿಯ ವಯೋಲನ್ನು ನಿಲ್ಲಿಸಿ, "ಇನ್ನು ಇದು ನಿನ್ನ ಕೆಲಸ" ಎಂದಿದ್ದಳು. ಕುರಿಯ ಕರುಳಿನ ತಂತಿ ಅದು. ಏಸಿಯಲ್ಲಿ ಒಂದು ಬುದ್ಧಿ, ಹೊರಗಿನ ಸೆಕೆಯಲ್ಲಿ ಇನ್ನೊಂದು. ಶ್ರುತಿ ಮಾಡುವುದರಲ್ಲೇ ಅರ್ಧ ಸಂಜೆ ಮುಗಿಯುತ್ತಿತ್ತು. ಆದರೂ ವಾರವಿಡೀ ಗೋದಾಮಿನಲ್ಲಿ "ಏ ಸ್ಟೋರ್" ಎಂದು ಕರೆಸಿಕೊಳ್ಳುವವನು ಅಲ್ಲಿ ಕಮಾನು ಎತ್ತುವವರೆಗೆ ಉಳಿದ ನಾಲ್ವರು ಉಸಿರು ಹಿಡಿದು ಕಾಯುತ್ತಿದ್ದರು. ಅವನ ಮಟ್ಟಿಗೆ ವಾರಕ್ಕೆ ಇದ್ದದ್ದೇ ಅದೊಂದು ದಿನ. ಈಗ ತಂಡಕ್ಕೆ ಮೊದಲ ಸಲ ಹೊರಗಿನ ಕರೆ ಬಂದಿತ್ತು, ಬಹ್ರೈನಿನಿಂದ.

ಅಬು ನಾಸರ್ ಸಹಿ ಹಾಕಿದರು. ಆಮೇಲೆ ಫೋನೆತ್ತಿ ಟ್ರಾವೆಲ್ಸಿನವನಿಗೆ ಏನೋ ಹೇಳಿದರು.

"ಗುರುವಾರ ಸಂಜೆ ಬಾಂಬೆ, ಅಲ್ಲಿಂದ ಮಂಗಳೂರು. ಟಿಕೆಟ್ ನನ್ನದು."

"ಬೇಡ ಬಾಬಾ, ನಾನೇ..."

"ನನ್ನ ಉಮ್ಮ ಹೋಗುವಾಗ ನಾನು ಪಕ್ಕದ ಕೋಣೆಯಲ್ಲಿ ಫುಟ್‌ಬಾಲ್ ನೋಡ್ತಾ ಇದ್ದೆ. ಖಲಾಸ್. ನೀನು ಹೋಗು."

ವಿಷಯ ಕೇಳಿ ರಿತೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಯೂಸ್ಟೇಸ್ ನಗದಿದ್ದದ್ದು ನೋಡಿ ನಗು ನಿಲ್ಲಿಸಿದ. "ತಲೆಬಿಸಿ ಮಾಡ್ಬೇಡಿ. ಡ್ರೈವರ್ ಬಾಗಿಲಲ್ಲಿ ಬಿಟ್ಟು ಹೋಗ್ತಾನೆ. ಒಳಗೆ ಹೋಗಿ ಬಹ್ರೈನಿನ ಲೈನಲ್ಲಿ ನಿಂತ್ಕೊಳ್ಳಿ, ಅಷ್ಟೇ."

ಆದರೆ ಗುರುವಾರ ಡ್ರೈವರ್ ಬರಲಿಲ್ಲ. ಅಬು ನಾಸರ್ ತಾವೇ ಗಾಡಿ ತಂದರು. ಅಮ್ಮನಿಗೆಂದು ಖರ್ಜೂರದ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ಬಾಗಿಲು ದಾಟಿ ಒಳಗೂ ಬಂದರು. ಬಹ್ರೈನಿನ ಕೌಂಟರಿನ ಮುಂದೆ ನಾಲ್ವರೂ ನಿಂತಿದ್ದರು. ಹೇಜಲಳ ಪಕ್ಕದಲ್ಲಿ ಆಳೆತ್ತರದ ಕಪ್ಪು ಪೆಟ್ಟಿಗೆಯಲ್ಲಿ ವಯೋಲ್. ಲಗೇಜಿಗೆ ಹಾಕಿದರೆ ಒಡೆದೀತೆಂದು ಅದಕ್ಕೂ ಒಂದು ಸೀಟು ಬುಕ್ ಆಗಿತ್ತು, ಯೂಸ್ಟೇಸನ ಸೀಟಿನ ಪಕ್ಕದಲ್ಲೇ.

"ಯೂಸ್ಟೇಸ್, ಇಲ್ಲಿ!" ಹೇಜಲ್ ಕೈಯೆತ್ತಿ ಕರೆದಳು.

ಅಬು ನಾಸರ್ ತಿರುಗಿ ನೋಡಿದರು. "ನಿನ್ನನ್ನಾ? ಯಾರವರು?"

ಅವನ ಜೇಬಿನಲ್ಲಿ ಬಹ್ರೈನಿನ ಟಿಕೆಟ್ ಇತ್ತು. ಹೇಜಲ್ ನಗುತ್ತಿದ್ದಳು.

"ಗೊತ್ತಿಲ್ಲ ಬಾಬಾ," ಎಂದ ಯೂಸ್ಟೇಸ್. "ಬೇರೆ ಯಾರನ್ನೋ ಇರಬೇಕು."

ಎತ್ತಿದ ಕೈಯನ್ನು ಹೇಜಲ್ ಮೆಲ್ಲಗೆ ಇಳಿಸಿ, ವಯೋಲಿನ ಪೆಟ್ಟಿಗೆಯ ಮೇಲಿಟ್ಟಳು. ಆಮೇಲೆ ಅವನು ಆ ಕಡೆ ನೋಡದೆ ಬಾಂಬೆಯ ಲೈನಿಗೆ ಹೋದ. ಪಾಸ್‌ಪೋರ್ಟಿಗೆ ಸೀಲು ಬೀಳುವವರೆಗೂ ಅಬು ನಾಸರ್ ಗಾಜಿನಾಚೆ ನಿಂತೇ ಇದ್ದರು.

ಶುಕ್ರವಾರ ಸಂಜೆ ಶಿರ್ವದಲ್ಲಿ ಬೇರೆಲ್ಲಿಗೆ ಹೋಗಬೇಕೆಂದು ತೋಚದೆ ಅವನು ಇಗರ್ಜಿಯ ಹಿಂದಿನ ಸಿಮಿತ್ರಿಗೆ ಹೋದ. ಅಮ್ಮನ ಸಮಾಧಿಯ ಮೇಲಿನ ತರಗೆಲೆ ಗುಡಿಸಿದ. ಬಹ್ರೈನಿನಲ್ಲಿ ಈಗ ಅವರು ಶ್ರುತಿ ಮಾಡುತ್ತಿರಬಹುದು. ಅಲ್ಲಿಯವರು ಯಾರಾದರೂ ಅವನ ಜಾಗದಲ್ಲಿ ಕೂತಿರಬಹುದು. ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು.

"ತಲುಪಿದೆಯಾ? ಅಮ್ಮನ ಹತ್ತಿರ ಇದ್ದೀಯಾ?" ಅಬು ನಾಸರ್.

ಯೂಸ್ಟೇಸ್ ಕಲ್ಲಿನ ಮೇಲಿನ ಹೆಸರು ನೋಡಿದ. "ಹತ್ತಿರವೇ ಇದ್ದೇನೆ, ಬಾಬಾ."

"ಮಾತಾಡ್ತಾಳಾ?"

"ಇಲ್ಲ."

"ಪರವಾಗಿಲ್ಲ. ಫೋನು ಅವಳ ಕಿವಿಗೆ ಹಿಡಿ. ಒಂದು ದುವಾ ಹೇಳ್ತೇನೆ."

ಅವನು ಸುತ್ತ ನೋಡಿದ. ಆಚೆಯ ಸಾಲಿನಲ್ಲಿ ಮೇಣದಬತ್ತಿ ಹಚ್ಚುತ್ತಿದ್ದ ಹೆಂಗಸೊಬ್ಬಳು ಇವನನ್ನೇ ನೋಡುತ್ತಿದ್ದಳು. ಯೂಸ್ಟೇಸ್ ಮೊಣಕಾಲೂರಿದ. ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು. ಹೆಸರು ಶುರುವಾಗುವ ಕಡೆ ಮೊಬೈಲನ್ನು ಮೆಲ್ಲಗೆ ಒತ್ತಿ ಹಿಡಿದ. ಅದರೊಳಗಿಂದ ಮುದುಕನ ಅರಬಿ ತೆಳ್ಳಗೆ, ನಿಧಾನವಾಗಿ, ಮುಗಿಯುವ ಅವಸರವಿಲ್ಲದೆ ಬರುತ್ತಿತ್ತು. ಗಾಳಿ ಬೀಸಿತು. ಮಾತು ಚೆದುರಿಹೋಗದಂತೆ ಅವನು ಇನ್ನೊಂದು ಕೈಯನ್ನು ಅಡ್ಡ ಹಿಡಿದ.