ಚಾದರದ ಆಚೆ ತುದಿ

"ನಲ್ಲಿ ಸೋರ್ತಿದೆ ಅಂತ ಬಾಡಿಗೆ ಮನೆ ಮಾಲೀಕನಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು. ನಮ್ಮನೆಯವರಂತೂ ಗೊರಕೆ ಹೊಡೆಯೋಕೇ ಹುಟ್ಟಿದ ಜೀವ. ಇನ್ನು ಈ ಮಂಡಿ ಬೇರೆ... ಎಳಿಯೇ, ನಿನ್ನ ಕಡೆ ಸರಿಯಾಗಿ ಎಳಿ!"

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಚಾದರ ಮಡಿಚುವುದು ಇಬ್ಬರ ಕೆಲಸ. ಒಬ್ಬಳು ಈಚೆ ತುದಿಯ ಎರಡು ಮೂಲೆ ಹಿಡಿಯಬೇಕು, ಇನ್ನೊಬ್ಬಳು ಆಚೆ ತುದಿಯವನ್ನು. ಜಗ್ಗಿ ಸುಕ್ಕು ಬಿಡಿಸಿ, ಉದ್ದಕ್ಕೊಮ್ಮೆ ಮಡಿಚಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಬೆಳಗಿನಿಂದ ಸಂಜೆಯವರೆಗೆ ದೂರ ಹೋಗುವುದು, ಹತ್ತಿರ ಬರುವುದು. ಗಂಡ ಹೆಂಡತಿ ಕೂಡ ದಿನಕ್ಕೆ ಅಷ್ಟು ಸಲ ಮುಖ ನೋಡಿಕೊಳ್ಳುವುದಿಲ್ಲ.

ಈಚೆ ತುದಿಯವಳನ್ನು ಲಾಂಡ್ರಿಯವರೆಲ್ಲ ರೇಡಿಯೊ ಅಕ್ಕ ಎನ್ನುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ತಾನು ಗಂಟಲು ಬಿಚ್ಚಿ ಹಾಡುವ ಸುದ್ದಿ ಇವರ ಕಿವಿಗೂ ಬಿದ್ದಿರಬೇಕು, ಅದಕ್ಕೇ ಈ ಹೆಸರು ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಆರಿಸುವ ಗುಂಡಿ ಇಲ್ಲದ ರೇಡಿಯೊ ಎಂದು ಅವರು ಬೆನ್ನ ಹಿಂದೆ ನಗುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಆಚೆ ತುದಿಯವಳು ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಇನ್ನೂ ಚಿಕ್ಕವಳು. "ಹೂಂ ಅಕ್ಕ", "ಹೌದಾ ಅಕ್ಕ" ಎನ್ನುತ್ತಲೇ ವರ್ಷಗಳನ್ನು ಕಳೆದಿದ್ದಳು. ಈಚೀಚೆಗೆ ಮಾತ್ರ ಅವಳಿಗೆ ಒಂದು ಹೊಸ ಚಾಳಿ ಹತ್ತಿತ್ತು. ವಾರ್ಡಿಗೊಂದು ಬಣ್ಣವೆಂದು ಚಾದರದ ಮೂಲೆಗೆ ದಾರದಲ್ಲಿ ಗುರುತು ಹೊಲಿದಿರುತ್ತಿದ್ದರು. ನೀಲಿ ದಾರದ್ದು ಬಂದರೆ ಸಾಕು, ಅವಳ ಕೈ ನಿಧಾನವಾಗುತ್ತಿತ್ತು. ಮಡಿಚಿದ್ದನ್ನು ಮತ್ತೆ ಮತ್ತೆ ಸವರುತ್ತಾ ನಿಂತುಬಿಡುತ್ತಿದ್ದಳು.

"ಅದಕ್ಕೇನು ಜೋಗುಳ ಹಾಡ್ತಿದ್ದೀಯಾ? ನನ್ನ ಕಾಲು ಬಿದ್ದುಹೋಗ್ತಿದೆ ಇಲ್ಲಿ!" ಎಂದು ರೇಡಿಯೊ ಅಕ್ಕ ಗದರುತ್ತಿದ್ದಳು. ಅದು ಸಾಲದೆಂದು ಒಂದು ದಿನ ಸೂಪರ್‌ವೈಸರಮ್ಮನ ಹತ್ತಿರ ಹೋಗಿ ದೂರನ್ನೂ ಕೊಟ್ಟು ಬಂದಳು.

ಮರುದಿನ ಬೆಳಿಗ್ಗೆ ಆಚೆ ತುದಿಯಲ್ಲಿ ಬೇರೆ ಯಾರೋ ನಿಂತಿದ್ದರು. ಜೊತೆಗಾತಿ ಒಗೆಯುವ ಕಡೆಗೆ ಹೋದಳೆಂದು ಗೊತ್ತಾಯಿತು. ಅಲ್ಲಿ ಹಬೆ, ಬಿಸಿನೀರು, ಎದೆ ನಡುಗಿಸುವ ಮೆಷಿನ್ ಸದ್ದು. ಅಲ್ಲಿಗೆ ಇಷ್ಟಪಟ್ಟು ಹೋದವರನ್ನು ಯಾರೂ ಕಂಡಿರಲಿಲ್ಲ.

"ಏನೋ ಬಾಯಿತಪ್ಪಿ ಒಂದು ಮಾತು ಅಂದೆ. ಅಷ್ಟಕ್ಕೇ ಅವಳನ್ನ ಆ ಬೆಂಕಿಗೆ ತಳ್ಳೋದಾ?" ಎಂದು ರೇಡಿಯೊ ಅಕ್ಕ ಸೂಪರ್‌ವೈಸರಮ್ಮನ ಮೇಲೆಯೇ ಹರಿಹಾಯ್ದಳು.

"ನಾನ್ಯಾಕೆ ತಳ್ಳಲಿ? ಅವಳೇ ಕೇಳ್ಕೊಂಡು ಹೋದಳು. ಆ ಸದ್ದಲ್ಲಿ ಯಾರ ಮಾತೂ ಕೇಳ್ಸಲ್ವಲ್ಲ, ಅಲ್ಲಿಗೇ ಹಾಕಿ ಅಂದಳು." ಸೂಪರ್‌ವೈಸರಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದಳು. "ಗಂಡ ನೀಲಿ ವಾರ್ಡಲ್ಲಿ ಮಲಗಿ ತಿಂಗಳಾಗ್ತಾ ಬಂತು. ಉಳೀತಾನೋ ಇಲ್ವೋ ಡಾಕ್ಟರಿಗೇ ಗೊತ್ತಿಲ್ಲ. ದಿನವಿಡೀ ಎದುರಿಗೇ ನಿಂತಿರ್ತೀಯಲ್ಲ, ನಿನಗೆ ಗೊತ್ತಿಲ್ವಾ?"

ರೇಡಿಯೊ ಅಕ್ಕನ ಕೆನ್ನೆ ಬಿಸಿಯಾಯಿತು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು, ಆದರೆ ನೆಲಮಾಳಿಗೆಯ ಕೆಳಗೆ ಇನ್ನೆಲ್ಲಿಗೆ ಇಳಿಯುವುದು?

ಊಟದ ಹೊತ್ತಿನಲ್ಲಿ ಜೊತೆಗಾತಿ ಒಗೆಯುವ ಕೋಣೆಯ ಹೊರಗೆ, ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಮುಖ ಕೆಂಪಾಗಿ ಬೆಂದುಹೋದಂತಿತ್ತು. ರೇಡಿಯೊ ಅಕ್ಕ ಪಕ್ಕದಲ್ಲಿ ನಿಂತು, "ನನಗೊಂದು ಮಾತು ಹೇಳಬಾರದಿತ್ತೇನೆ?" ಎಂದಳು. ಸಮಾಧಾನ ಹೇಳಲೆಂದು ಬಂದವಳು. ಅದೂ ಆಕ್ಷೇಪಣೆಯಾಗಿಯೇ ಹೊರಬಂತು.

"ಹೇಳೋಕೆ ಬಾಯಿ ತೆಗೆದಿದ್ದೆ ಅಕ್ಕ. ನಮ್ಮನೆಯವರಿಗೆ ಹುಷಾರಿಲ್ಲ ಅಂದೆ. ನೀವು, ನಮ್ಮನೆಯವರಿಗೆ ಮಾತ್ರ ಹುಷಾರಾಗಿದೆಯಾ ಅಂತ ಗೊರಕೆ ಕಥೆ ಶುರು ಮಾಡಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ಭಾರವನ್ನೆಲ್ಲ ದೇವರ ಮೇಲೆ ಹಾಕ್ತೀನಿ ಅಂತ ಭಾನುವಾರ ಚರ್ಚಲ್ಲಿ ಹಾಡ್ತೀರಂತೆ, ನೀವೇ ಹೇಳಿದ್ದು. ಸೋಮವಾರ ಬಂದು ಅದನ್ನೆಲ್ಲ ನನ್ನ ಮೇಲೆ ಹಾಕ್ತೀರಿ. ನನ್ನ ಕೈಲಿ ಆಗ್ತಿಲ್ಲ ಅಕ್ಕ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ರೇಡಿಯೊ ಅಕ್ಕ ತಲೆ ತಗ್ಗಿಸಿಕೊಂಡು ವಾಪಸು ಬಂದಳು. ಆ ಮಧ್ಯಾಹ್ನ ನೀಲಿ ದಾರದ ಒಂದು ಚಾದರ ಕೈಗೆ ಬಂದಾಗ ಅದನ್ನು ಮುಟ್ಟಲೂ ಅವಳಿಗೆ ನಾಚಿಕೆಯಾಯಿತು.

ಭಾನುವಾರ ಚರ್ಚಿನಲ್ಲಿ ಅದೇ ಹಾಡು ಬಂತು. ಎಲ್ಲರೂ ಎದ್ದು ನಿಂತರು, ಅವಳೂ ನಿಂತಳು. ಬಾಯಿ ತೆರೆದರೆ ದನಿಯೇ ಬರಲಿಲ್ಲ. ಪಕ್ಕದವಳು ತಿರುಗಿ ನೋಡಿದಳು. ಇವಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು. ಆ ಮಾತನ್ನು ಅವಳು ದೇವರಿಗೂ ಅಂಟಿಸಿಬಿಟ್ಟಿದ್ದಳು. ತಾನು ಹೇಳದಿದ್ದರೆ ತನ್ನ ಮಂಡಿ ನೋವು ಯಾರಿಗೆ ತಿಳಿಯುತ್ತದೆ ಎಂಬ ಭಯಕ್ಕೆ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದಳು. ಇಷ್ಟು ವರ್ಷ ಮೊಣಕಾಲೂರಿ ಬೇಡಿದ್ದಳು ನಿಜ. ಆದರೆ ದೇವರು ಕೇಳಿಸಿಕೊಂಡ ಎಂದು ಒಂದು ದಿನವೂ ನಂಬಿರಲಿಲ್ಲ. ನಂಬಿದ್ದರೆ ಎದ್ದ ಮೇಲೆ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಇದು ಹೊಳೆದಾಗ ಅವಳಿಗೆ ಅಳು ಒತ್ತರಿಸಿ ಬಂತು. 'ಕರ್ತನೇ, ನಿನಗೆ ಗೊತ್ತಿದೆ' ಎಂದಳು ಮನಸ್ಸಿನಲ್ಲಿ. ಮುಂದೆ ಹೇಳಲು ಸಾಲುಸಾಲಾಗಿ ಇತ್ತು. ಹೇಳಲಿಲ್ಲ. ಜೊತೆಗಾತಿಯ ಗಂಡನ ಹೆಸರೆತ್ತಿ ಬೇಡೋಣವೆಂದರೆ, ಆ ಹೆಸರೂ ಅವಳಿಗೆ ಗೊತ್ತಿರಲಿಲ್ಲ. 'ಅವಳ ಗಂಡ' ಎಂದಷ್ಟೇ ಬೇಡಿದಳು.

ಸೋಮವಾರ ಸೂಪರ್‌ವೈಸರಮ್ಮನ ಮುಂದೆ ನಿಂತು, "ಒಗೆಯೋ ಕಡೆಗೆ ನನ್ನ ಹಾಕಿ, ಅವಳನ್ನ ಇಲ್ಲಿಗೆ ಕರೀರಿ" ಎಂದಳು.

"ನಿನ್ನ ಮಂಡಿ?"

ಮಂಡಿಯ ಸಮಾಚಾರ ನಾಲಿಗೆಯ ತುದಿಗೆ ಬಂದು ಕುಣಿಯಿತು. ಅವಳು ಅದನ್ನು ನುಂಗಿಕೊಂಡಳು. "ಇರುತ್ತೆ ಬಿಡಿ, ಎಲ್ಲಿಗೆ ಹೋಗುತ್ತೆ?"

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಆ ಬಿಸಿಯಲ್ಲೂ ಅವಳದ್ದು ಒಮ್ಮೆಗೇ ಹೋಗಲಿಲ್ಲ. ಮೆಷಿನ್ನಿನ ಸದ್ದಿನ ಮರೆಯಲ್ಲಿ ಎಷ್ಟೋ ಸಲ ಗೊಣಗಿ, ತನ್ನ ದನಿ ತನಗೇ ಕೇಳಿದಂತಾಗಿ ಬೆಚ್ಚಿದಳು. ಒಂದು ದಿನ ಮೈ ಸುಡುವ ಹಬೆಗೆ ಬಾಯಿಗೆ ಬಂದದ್ದನ್ನೆಲ್ಲ ಅಂದು, ಆಮೇಲೆ ನಾಚಿ ಕಣ್ಣು ಮುಚ್ಚಿ, 'ನಿನಗೆ ಗೊತ್ತಿದೆ' ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು. ನೀಲಿ ದಾರದ ಚಾದರಗಳು ಬಂದರೆ ಅವನ್ನು ಕೊಡವಿ ನೋಡಿ, ಉಳಿದ ಕಲೆಯನ್ನು ಕೈಯಿಂದಲೇ ತಿಕ್ಕುತ್ತಿದ್ದಳು. ಅವು ಬರುತ್ತಿರುವವರೆಗೆ ಜೊತೆಗಾತಿಯ ಗಂಡ ಬದುಕಿದ್ದಾನೆ ಎಂದು ಧೈರ್ಯ ತಂದುಕೊಳ್ಳುತ್ತಿದ್ದಳು. ಆ ವಾರ್ಡಿನಲ್ಲಿ ಮಂಚಗಳು ಎಷ್ಟೋ ಇವೆ ಎಂಬುದು ನೆನಪಾದರೆ ಧೈರ್ಯ ಕುಸಿಯುತ್ತಿತ್ತು. ಹೋಗಿ ಕೇಳಲು ಮುಖವಿರಲಿಲ್ಲ.

ಒಂದು ಸಂಜೆ ಮಡಿಚುವ ಮೇಜಿನ ಹತ್ತಿರ ಕೆಲಸ ರಾಶಿ ಬಿದ್ದಿತ್ತು. "ಸ್ವಲ್ಪ ಕೈ ಹಾಕು ಬಾ" ಎಂದು ಸೂಪರ್‌ವೈಸರಮ್ಮ ಅವಳನ್ನು ಕರೆದಳು. ಆಚೆ ತುದಿಯಲ್ಲಿ ಜೊತೆಗಾತಿ ನಿಂತಿದ್ದಳು. ಇಬ್ಬರೂ ಜಗ್ಗಿದರು, ಮಡಿಚಿದರು, ಹತ್ತಿರ ಬಂದರು, ದೂರ ಹೋದರು. ರೇಡಿಯೊ ಅಕ್ಕ ಅವಳ ಮುಖ ನೋಡಲಾಗದೆ ಚಾದರದ ಅಂಚನ್ನೇ ನೋಡುತ್ತಿದ್ದಳು. ರಾಶಿಯ ನಡುವಿನಿಂದ ನೀಲಿ ದಾರದ್ದೊಂದು ಬಂತು.

"ಮಂಡಿ ಹೇಗಿದೆ ಅಕ್ಕ?" ಎಂದಳು ಜೊತೆಗಾತಿ.

ಹಬೆಯಲ್ಲಿ ನಿಂತು ಊದಿಕೊಂಡ ಕಾಲು, ಇನ್ನೂ ಸೋರುವ ನಲ್ಲಿ, ನಿದ್ದೆಗೆಟ್ಟ ರಾತ್ರಿಗಳು, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ಅವಳು ಉಸಿರೆಳೆದುಕೊಂಡಳು.

"ಇದೆ" ಎಂದಳು. ಆಮೇಲೆ, ಮೊದಲ ಸಲ ಅವಳ ಕಣ್ಣನ್ನೇ ನೋಡುತ್ತಾ, "ನಿಮ್ಮನೆಯವರ ಹೆಸರೇನೇ?" ಎಂದು ಕೇಳಿದಳು.

ಜೊತೆಗಾತಿ ಹೆಸರು ಹೇಳಿದಳು. ನಿನ್ನೆ ಅವನು ಎರಡು ಚಮಚ ಗಂಜಿ ಕುಡಿದದ್ದನ್ನೂ, ಆಮೇಲೆ ಜ್ವರ ಮತ್ತೆ ಏರಿದ್ದನ್ನೂ ಹೇಳಿದಳು. ಹೇಳುತ್ತಾ ಹೋದಳು. ಅವಳ ದನಿ ಇಷ್ಟು ಮೆಲುವಾದದ್ದೆಂದು ರೇಡಿಯೊ ಅಕ್ಕನಿಗೆ ಗೊತ್ತೇ ಇರಲಿಲ್ಲ. ಕೇಳಿಸಿಕೊಳ್ಳಲು ಅವಳು ಕುಂಟುತ್ತಾ ಒಂದು ಹೆಜ್ಜೆ ಮುಂದೆ ಬಂದಳು. ಚಾದರ ನಡುವೆ ಸಡಿಲಾಗಿ ಇಳಿಬಿತ್ತು. ಎಳಿ ಎಂದು ಅವಳು ಹೇಳಲಿಲ್ಲ.