ಮೂವತ್ತಾರರ ನಂತರದ ಸಂಖ್ಯೆ

ಲೆಕ್ಕದ ವಿಷಯಕ್ಕೆ ಕೈಹಾಕುವಷ್ಟು ಓದಿಲ್ಲದಿದ್ದರೂ ಈ ಕಥೆ ಹೇಳಲು ಹೊರಟಿರುವುದಕ್ಕೆ ಕ್ಷಮೆಯಿರಲಿ. ಎರಡೆರಡು ಸಲ ಕೂಡಿ ನೋಡಿದ್ದಾಗಿದೆ; ಆದರೂ ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಕ್ಕ, ತಂಗಿ ಇಬ್ಬರೂ ಒಂದೇ ಸಾಬೂನಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮುಂದಿನ ಗಾಜಿನ ಹಿಂದೆ ದಿನವೂ ಮೂರು ಡಜನ್ ಗುಂಡು ಸಾಬೂನು ಜೋಡಿಸಬೇಕಿತ್ತು. ತಂಗಿ ಸಾಲಿಗೆ ಆರರಂತೆ ಆರು ಸಾಲು ಇಟ್ಟು ಚೌಕ ಮಾಡುವಳು. ಅಕ್ಕ ಅದನ್ನು ಕೆಡವಿ ಒಂದು, ಎರಡು, ಮೂರು ಎಂದು ಎಂಟರವರೆಗೆ ಸಾಲು ಬೆಳೆಸಿ ತ್ರಿಕೋನ ಮಾಡುವಳು. ಒಂದೂ ಮಿಗುತ್ತಿರಲಿಲ್ಲ, ಒಂದೂ ಕಡಿಮೆ ಬೀಳುತ್ತಿರಲಿಲ್ಲ. ಹೀಗೆ ಎರಡಕ್ಕೂ ಒಗ್ಗುವ ಮುಂದಿನ ಸಂಖ್ಯೆ ಯಾವುದೆಂದು ಹುಡುಕುವುದೇ ಇಬ್ಬರ ಆಟವಾಯಿತು.

ಆಟ ಮುಗಿಯುವ ಮೊದಲೇ ಅಕ್ಕ ಮದುವೆಯಾಗಿ ದೂರದ ಊರಿಗೆ ಹೊರಟಳು. ತಂಗಿ ಮುಖ ಊದಿಸಿಕೊಂಡು ನಿಲ್ದಾಣಕ್ಕೆ ಬಂದಿದ್ದಳು.

“ಸಿಕ್ಕಿದ್ರೆ ಬರಿ ಕಣೇ. ಬರೀ ಕ್ಷೇಮಸಮಾಚಾರ ಬರೆದ್ರೆ ನಾನು ಓದಲ್ಲ,” ಎಂದಳು ಅಕ್ಕ.

“ಸಿಗೋವರೆಗೂ ಬರೆಯೋದೂ ಇಲ್ಲ, ಹೋಗು.”

ತಮಾಷೆಗೆ ಆಡಿದ ಮಾತು ಹಟವಾಗಿ ಕೂತಿತು. ಅತ್ತಲಿಂದಲೂ ಕಾಗದ ಬರಲಿಲ್ಲ. ತಂಗಿ ಹಳೇ ಪುಸ್ತಕದ ಹಿಂಬದಿಯಲ್ಲಿ ಕೂಡುತ್ತ ಹೋಗುವಳು. ನಾನೂರರ ಆಸುಪಾಸಿನಲ್ಲಿ ತನ್ನ ಮೇಲೇ ಅನುಮಾನ ಬಂದು ಮತ್ತೆ ಒಂದರಿಂದ ಶುರುಮಾಡುವಳು. ಹನ್ನೊಂದು ವರ್ಷ ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ನೂರ ಎರಡು ಡಜನ್ ಸಾಬೂನು ಒಟ್ಟಿಗೆ ಬಂತು. ಉಗ್ರಾಣದ ನೆಲದ ಮೇಲೆ ಕಾಗದ ಹಾಸಿ ಚೌಕ ಇಡತೊಡಗಿದಳು. ಯಜಮಾನರು ಇಣುಕಿ, ಅವಕ್ಕೇನು ಕವಾಯತು ಕಲಿಸುತ್ತಿದ್ದೀಯಾ ಎಂದು ನಕ್ಕು ಹೋದರು. ಮೂವತ್ತೈದನೇ ಸಾಲಿನ ಕೊನೆಯಲ್ಲಿ ಒಂದೇ ಒಂದು ಜಾಗ ಖಾಲಿ ಉಳಿಯಿತು. ಪೆಟ್ಟಿಗೆಗಳನ್ನೆಲ್ಲ ತಡಕಿದಳು. ಆಮೇಲೆ ಹೊಳೆಯಿತು: ದೊಡ್ಡ ಸರಕಿನ ಜೊತೆ ಗಿರಾಕಿಗಳು ಮೂಸಿ ನೋಡಲೆಂದು ಕಾರ್ಖಾನೆಯವರು ಹೊದಿಕೆಯಿಲ್ಲದ ಒಂದು ಸಾಬೂನನ್ನು ಬಿಟ್ಟಿ ಕಳಿಸುತ್ತಾರೆ. ಅದನ್ನು ಯಾರೂ ಎಣಿಸುವುದಿಲ್ಲ. ಬಂದ ಕೂಡಲೇ ಗಲ್ಲಾದ ಪಕ್ಕಕ್ಕಿಡುವುದು ಅವಳ ಕೈಗೇ ರೂಢಿ. ಓಡಿಹೋಗಿ ತಂದು ಆ ಜಾಗದಲ್ಲಿಟ್ಟಳು.

ಈಗ ಎಲ್ಲವನ್ನೂ ಕೆಡವಿ ತ್ರಿಕೋನ. ಸೊಂಟ ಬಿದ್ದುಹೋಗುವಂತಾಯಿತು. ನಲವತ್ತೊಂಬತ್ತನೇ ಸಾಲು ಮುಗಿಯುವುದಕ್ಕೂ ಸಾಬೂನು ಮುಗಿಯುವುದಕ್ಕೂ ಸರಿಹೋಯಿತು. ಸಾವಿರದ ಇನ್ನೂರ ಇಪ್ಪತ್ತೈದು.

“ಅಕ್ಕಾ,” ಎಂದಳು, ಯಾರೂ ಇಲ್ಲದ ಕೋಣೆಯಲ್ಲಿ.

ಅಂದೇ ಬರೆಯಲು ಕೂತಳು. ತನ್ನ ಮಂಡಿನೋವು, ತಲೆಯ ನರೆ, ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಸಂಖ್ಯೆಯನ್ನೂ ಎರಡು ಲೆಕ್ಕವನ್ನೂ ಬರೆದು ಕೆಳಗೆ ಒಂದೇ ಸಾಲು ಸೇರಿಸಿದಳು: “ಇದರ ಮುಂದಿನದು ನನ್ನೊಬ್ಬಳ ಕೈಲಿ ಆಗಲ್ಲ, ಬಾ.”

ಹನ್ನೊಂದು ವರ್ಷ ಹಳೆಯ ವಿಳಾಸಕ್ಕೆ ಕಾಗದ ಹೋಯಿತು. ಅಕ್ಕ ಈಗಲೂ ಅಲ್ಲೇ ಇದ್ದಾಳೋ, ಇದೇ ಸಂಖ್ಯೆ ಅವಳಿಗೆ ಎಂದೋ ಸಿಕ್ಕಿ, ತಂಗಿಯೇ ಮೊದಲು ಬರೆಯಲಿ ಎಂದು ಕಾದಿದ್ದಳೋ, ಗೊತ್ತಿಲ್ಲ.